ಸೋಲುತ್ತಿರುವ ಸೀಸನ್‌ನಲ್ಲಿ ಎಸಿಎಲ್ ಆಪರೇಷನ್ ಆದ ಹುಡುಗನನ್ನು ಇಳಿಸಬೇಕಾ? ಅನುಭವ ಇದ್ದವರು ಹೇಳಿ

ಕೋಚ್ (ಪ್ರಶ್ನೆ ಕೇಳಿದವರು):
ನಮ್ಮ ಫುಟ್‌ಬಾಲ್ ತಂಡದ ವಿಂಗರ್‌ಗೆ (ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡೋನು) 19 ವರ್ಷ. ಮಂಡಿಯೊಳಗಿನ ಎಸಿಎಲ್ ಲಿಗಮೆಂಟಿಗೆ (ಮೂಳೆಗಳನ್ನು ಹಿಡಿದಿಡೋ ಪಟ್ಟಿ) ಆಪರೇಷನ್ ಆಗಿ ಏಳು ತಿಂಗಳು, ಅದರ ಜಾಗಕ್ಕೆ ಹಾಕಿದ ಗ್ರಾಫ್ಟ್ ಹ್ಯಾಮ್‌ಸ್ಟ್ರಿಂಗಿನದು (ತೊಡೆ ಹಿಂಭಾಗದ ಸ್ನಾಯುವಿನ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟೋ ನಾರು). ಒಳ್ಳೆ ಕಾಲಿಗೆ ಹೋಲಿಸಿದರೆ ಹಾಪ್ ಟೆಸ್ಟ್ (ಒಂಟಿ ಕಾಲಲ್ಲಿ ಹಾರೋದು) 94%, ತೊಡೆ ಮುಂಭಾಗದ ಬಲ 82%. ನೋವಿಲ್ಲ, ಆಡ್ತೀನಿ ಅಂತ ದಿನಾ ಕೇಳ್ತಾನೆ. ತಂಡ ಕೊನೆಯಿಂದ ಎರಡನೇ ಸ್ಥಾನದಲ್ಲಿದೆ, ಉಳಿದಿರೋದು ನಾಲ್ಕು ಪಂದ್ಯ. ಇಳಿಸಲಾ, ಮುಂದಿನ ಸೀಸನ್‌ಗೆ ಕಾಯಲಾ?

ಫಿಸಿಯೊ:
ಬೇಡ. ಆ 94% ನೋಡಿ ಮನಸ್ಸು ಮಾಡಬೇಡಿ. ಒಂಟಿ ಕಾಲಲ್ಲಿ ಮುಂದಕ್ಕೆ ಹಾರುವಾಗ ಸೊಂಟ ಮತ್ತು ಪಾದದ ಕೀಲು ಸೇರಿ ಮಂಡಿಯ ಪಾಲಿನ ಕೆಲಸವನ್ನೂ ಮಾಡಿಬಿಡುತ್ತವೆ. ದೂರ ಬರುತ್ತೆ, ಮಂಡಿ ದುಡಿದಿರಲ್ಲ. ಪಕ್ಕದಿಂದ ಫೋನಲ್ಲಿ ವಿಡಿಯೊ ಮಾಡಿ ನಿಧಾನಗತಿಯಲ್ಲಿ ನೋಡಿ. ನೆಲ ಮುಟ್ಟಿದಾಗ ಆಪರೇಷನ್ ಆದ ಮಂಡಿ ಕಡಿಮೆ ಬಾಗಿ ಎದೆ ಮುಂದಕ್ಕೆ ಬಗ್ಗಿದರೆ, ಭಾರವನ್ನು ಸೊಂಟಕ್ಕೆ ದಾಟಿಸ್ತಿದ್ದಾನೆ ಅಂತಲೇ ಅರ್ಥ.

ನಿಜ ಹೇಳೋದು ಆ 82%. ಅದನ್ನು ಹೇಗೆ ಅಳೆದಿರಿ? ಲೆಗ್ ಪ್ರೆಸ್‌ನಲ್ಲಾದರೆ (ಪಾದದಿಂದ ಭಾರ ತಳ್ಳೋ ಯಂತ್ರ) ಆ ಅಂಕಿ ಬಿಟ್ಟುಬಿಡಿ, ಅಲ್ಲೂ ಸೊಂಟದ ಸಹಾಯ ಇರುತ್ತೆ. ಕುರ್ಚಿಯಲ್ಲಿ ಕೂರಿಸಿ, ಮಂಡಿ 90 ಡಿಗ್ರಿ, ಬಲ ಅಳೆಯೋ ಡೈನಮೋಮೀಟರನ್ನು ಬೆಲ್ಟಿನಿಂದ ಬಿಗಿದು, ಒಂದೊಂದು ಕಾಲಿಗೆ ಮೂರು ಸಲ ಒತ್ತಿಸಿ. ಮೀಟರನ್ನು ಕೈಯಲ್ಲಿ ಹಿಡಿಯಬೇಡಿ, ಹುಡುಗನ ಬಲದ ಮುಂದೆ ನಿಮ್ಮ ಕೈ ನಿಲ್ಲಲ್ಲ, ಅಂಕಿ ಸುಳ್ಳಾಗುತ್ತೆ. ಕನಿಷ್ಠ 90% ಬರಬೇಕು. ಏಳು ತಿಂಗಳಲ್ಲಿ ಒಳ್ಳೆ ಕಾಲೂ ಸೊರಗಿರುತ್ತೆ, ಅದಕ್ಕೆ ಹೋಲಿಸಿದ 82% ಅಂದರೆ ಗಾಯಕ್ಕೆ ಮುಂಚಿನ ಕಾಲಿಗಿಂತ ಇನ್ನೂ ಕೆಳಗೆ.

2016ರಲ್ಲಿ ಪ್ರಕಟವಾದ ಡೆಲಾವೇರ್-ಓಸ್ಲೊ ಅಧ್ಯಯನದಲ್ಲಿ, ಆಟಕ್ಕೆ ಮರಳೋದನ್ನು ಒಂಬತ್ತನೇ ತಿಂಗಳವರೆಗೆ ಒಂದೊಂದು ತಿಂಗಳು ಮುಂದೂಡಿದಾಗಲೂ ಮಂಡಿಗೆ ಮತ್ತೆ ಗಾಯ ಆಗೋ ಪ್ರಮಾಣ 51% ಇಳಿದಿತ್ತು. ಇನ್ನೆರಡು ತಿಂಗಳು ಕಾಯೋಕೆ ಇದಕ್ಕಿಂತ ಕಾರಣ ಬೇಕಾ?

ಇನ್ನೊಬ್ಬ ಕೋಚ್:
ಆ ಅಧ್ಯಯನದಲ್ಲಿದ್ದದ್ದು 106 ಜನ. ಅದನ್ನೇ ಶಾಸನ ಮಾಡ್ಕೊಂಡು ಎಲ್ಲಾ ಹುಡುಗರನ್ನೂ ಕೂರಿಸ್ತಾ ಹೋದರೆ ಆಡೋರು ಯಾರು? ಇಂಥದ್ದೇ ಹುಡುಗನನ್ನು ನಾವು ಸೋಲಿನ ಸೀಸನ್‌ನಲ್ಲೇ ಇಳಿಸಿದ್ವಿ, ಇವತ್ತಿಗೂ ಅದೇ ಸರಿ ಅಂತೀನಿ. ಪಂದ್ಯದ ವೇಗ ಪ್ರಾಕ್ಟೀಸಲ್ಲಿ ಸಿಗಲ್ಲ. ಈಗ ಕೂರಿಸಿದರೆ ಸೀಸನ್ ಮುಗಿದ ರಜೆ, ಆಮೇಲೆ ಪ್ರೀ-ಸೀಸನ್‌ನ ದಿಢೀರ್ ಭಾರ. ಅಲ್ಲಿ ಹ್ಯಾಮ್‌ಸ್ಟ್ರಿಂಗ್ ಕಿತ್ತುಕೊಂಡು ಕೂರ್ತಾರೆ.

ಆದರೆ ಬೆಂಚಿನಿಂದ ಮಾತ್ರ ಇಳಿಸಬೇಡಿ, ಇಲ್ಲೇ ಎಲ್ಲರೂ ಎಡವೋದು. ಒಂದು ಗಂಟೆ ಕೂತು ತಣ್ಣಗಾದ ಕಾಲು, ತಂಡ ಒಂದು ಗೋಲು ಹಿಂದೆ, ಆಟ ಚದುರಿರುತ್ತೆ. ಆ ಹೊತ್ತಲ್ಲಿ ವಿಂಗರ್‌ಗೆ ಬರೋದೆಲ್ಲಾ ಉದ್ದನೆಯ ಓಟ, ತಟ್ಟನೆ ಬ್ರೇಕ್ ಹಾಕೋದು, ತಿರುಗೋದು. ಮೊದಲ ಹನ್ನೊಂದರಲ್ಲೇ ಇಳಿಸಿ, ವಿರಾಮದಲ್ಲಿ ತೆಗೆಯಿರಿ. ಆಟದ ನಡುವೆ ಆಟಗಾರರನ್ನು ಬದಲಿಸೋಕೆ ಸಿಗೋ ಮೂರು ಅವಕಾಶಗಳ ಲೆಕ್ಕಕ್ಕೆ ವಿರಾಮದ ಬದಲಾವಣೆ ಸೇರಲ್ಲ, ಐದು ಸಬ್‌ನಲ್ಲಿ ಒಂದು ಮಾತ್ರ ಹೋಗುತ್ತೆ.

ಆಟಗಾರನ ತಂದೆ:
ಇಳಿಸಿ ಅನ್ನೋದು ಸುಲಭ ಸಾರ್. ಗ್ರಾಫ್ಟ್ ಮತ್ತೆ ಹರಿದರೆ ಏನೇನಾಗುತ್ತೆ ಅಂತಲೂ ಬರೀರಿ. ಆ ಕಾಲಿನ ಹ್ಯಾಮ್‌ಸ್ಟ್ರಿಂಗ್ ಆಗಲೇ ಬಳಸಿ ಆಗಿದೆ. ಇನ್ನು ಮಂಡಿಚಿಪ್ಪಿನ ಕೆಳಗಿನ ಟೆಂಡನ್, ಇಲ್ಲಾ ತೊಡೆ ಮುಂಭಾಗದ ಟೆಂಡನ್, ಇಲ್ಲಾ ಒಳ್ಳೆ ಕಾಲಿಗೇ ಕತ್ತರಿ. ಮೂಳೆಯಲ್ಲಿ ಕೊರೆದ ಹಳೇ ಸುರಂಗ ಅಗಲ ಆಗಿದ್ದರೆ ಎರಡು ಹಂತದ ಆಪರೇಷನ್: ಮೊದಲು ಮೂಳೆಪುಡಿ ತುಂಬಬೇಕು, ಅದು ಕೂಡೋಕೆ ನಾಲ್ಕಾರು ತಿಂಗಳು ಕಾಯಬೇಕು, ಆಮೇಲೆ ಹೊಸ ಲಿಗಮೆಂಟ್, ಅಲ್ಲಿಂದ ಮತ್ತೆ ಒಂಬತ್ತು ತಿಂಗಳಿಗೂ ಹೆಚ್ಚು. ಜೊತೆಗೆ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಮೃದು ಎಲುಬು) ಹರಿದಿದ್ದರೆ, ಹೊಲಿದ ಮೇಲೆ ವಾರಗಟ್ಟಲೆ ಊರುಗೋಲು. ಇಷ್ಟರಲ್ಲಿ ಹುಡುಗನ ಕಾಂಟ್ರಾಕ್ಟ್ ಮುಗಿದಿರುತ್ತೆ, ಫೋನ್ ಮಾಡಿ ಕೇಳೋಕೂ ಯಾರೂ ಇರಲ್ಲ. ನನ್ನ ಮಗನಿಗೆ ಹೀಗಾದಾಗ ನಾವು ಕೂರಿಸಿದ್ವಿ. ಸುತ್ತಲಿನವರು ಹೇಡಿ ಅಂದರು, ಅಂದುಕೊಳ್ಳಲಿ ಅಂತ ಬಿಟ್ವಿ.

ರೊನಾಲ್ಡೊ ಕಥೆ ಗೊತ್ತಿಲ್ವಾ, ಆ ಬ್ರೆಜಿಲ್‌ನವನು? 1999ರ ನವೆಂಬರ್‌ನಲ್ಲಿ ಮಂಡಿ ಗಾಯ, 2000ದ ಏಪ್ರಿಲ್‌ನಲ್ಲಿ ಲಾಜಿಯೊ ವಿರುದ್ಧ ಇಟಲಿ ಕಪ್ ಫೈನಲ್‌ಗೆ ಇಳಿಸಿದರು. ಕೆಲವೇ ನಿಮಿಷಕ್ಕೆ ಅದೇ ಮಂಡಿ ಹೋಯ್ತು.

ಇನ್ನೊಬ್ಬ ಕೋಚ್:
ಅದು ಎಸಿಎಲ್ ಅಲ್ಲ ರೀ, ಮಂಡಿಚಿಪ್ಪಿನ ಟೆಂಡನ್. ಗಾಯವೇ ಬೇರೆ, ವಾಸಿಯಾಗೋ ರೀತಿಯೇ ಬೇರೆ. ಹೆದರಿಸೋಕೆ ಏನು ಸಿಕ್ಕರೂ ಎತ್ತಿಕೊಂಡು ಬರಬೇಡಿ.

ಆಟಗಾರನ ತಂದೆ:
ಟೆಂಡನ್ ಆದರೇನು, ಲಿಗಮೆಂಟ್ ಆದರೇನು, ಆತುರ ಆತುರವೇ. ಲಿವರ್‌ಪೂಲ್ ಡಿಫೆಂಡರ್ ವಾನ್ ಡೈಕ್‌ನ ನೋಡಿ, ಅದು ಎಸಿಎಲ್ಲೇ ತಾನೇ? 2020ರ ಅಕ್ಟೋಬರ್‌ನಲ್ಲಿ ಗಾಯ. ಲಿವರ್‌ಪೂಲ್ ತವರಲ್ಲಿ ಸತತ ಆರು ಲೀಗ್ ಪಂದ್ಯ ಸೋತರೂ ಅವನನ್ನು ಇಳಿಸಲಿಲ್ಲ. ಯೂರೊ ಟೂರ್ನಿ ಕೂಡ ಬೇಡ ಅಂದ. 2021ರ ಆಗಸ್ಟ್‌ನಲ್ಲಿ ಬಂದ, ಮುಂದಿನ ಸೀಸನ್‌ನಲ್ಲಿ ಎರಡು ಕಪ್ ಗೆದ್ದರು.

ಇನ್ನೊಬ್ಬ ಕೋಚ್:
ಅವನಿಲ್ಲದ ಆ ಸೀಸನ್‌ನಲ್ಲೂ ಅವರು ಮುಗಿಸಿದ್ದು ಮೂರನೇ ಸ್ಥಾನದಲ್ಲಿ! ದುಡ್ಡಿರೋ ಕ್ಲಬ್ಬು ಅದು. ಕೆಳದರ್ಜೆಗೆ ಇಳಿದರೆ ಅರ್ಧ ತಂಡ ಚದುರಿಹೋಗೋ ಕ್ಲಬ್ಬಿಗೆ ಅದನ್ನು ಹೋಲಿಸ್ತೀರಾ?

ಫಿಸಿಯೊ:
ಇಬ್ಬರೂ ಅಂಕಪಟ್ಟಿ ಹಿಡ್ಕೊಂಡೇ ಜಗಳ ಆಡ್ತಿದ್ದೀರಿ. ಗ್ರಾಫ್ಟ್ ಅಂದರೆ ಟೆಂಡನ್ನು, ಅದು ದೇಹದೊಳಗೆ ಲಿಗಮೆಂಟಿನ ಗುಣಕ್ಕೆ ಮಾರ್ಪಡೋಕೆ ವರ್ಷಕ್ಕೂ ಮೇಲೆ ಹಿಡಿಯುತ್ತೆ. ಅಷ್ಟರವರೆಗೂ ಅದನ್ನು ಕಾಪಾಡೋದು ಸ್ನಾಯು. ಇಪ್ಪತ್ತರ ಒಳಗಿನವರಲ್ಲಿ ಎರಡನೇ ಗಾಯ ಹೆಚ್ಚು, ಅದೂ ಎಷ್ಟೋ ಸಲ ಒಳ್ಳೆ ಕಾಲಿಗೇ. ವಿರಾಮದಲ್ಲಿ ತೆಗೆಯೋದರಿಂದ ಇದೇನೂ ಬದಲಾಗಲ್ಲ, ಮೊದಲ ನಿಮಿಷದ ಒಂದು ತಪ್ಪು ಹೆಜ್ಜೆ ಸಾಕು.

ಇನ್ನೊಬ್ಬ ಕೋಚ್:
ಮತ್ತೆ ನಿಮ್ಮ ಪ್ರಕಾರ ಯಾವತ್ತು?

ಫಿಸಿಯೊ:
ಒಂಬತ್ತು ತಿಂಗಳು, ಟೆಸ್ಟು ಎರಡೂ ಪಾಸಾದ ದಿನ. ಅಲ್ಲಿವರೆಗೆ ವಾರಕ್ಕೆ ಎರಡು ಮೂರು ದಿನ ಭಾರದ ಲೆಗ್ ಎಕ್ಸ್‌ಟೆನ್ಶನ್ (ಕೂತು ಭಾರದ ವಿರುದ್ಧ ಮಂಡಿ ನೀಡೋದು), ಒಂಟಿ ಕಾಲಿನ ಸ್ಕ್ವಾಟ್. ಹೊಟ್ಟೆ ಮೇಲೆ ಮಲಗಿಸಿ ಮಂಡಿಯನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸಿ ಹ್ಯಾಮ್‌ಸ್ಟ್ರಿಂಗ್ ಬಲವನ್ನೂ ನೋಡಿ. ಗ್ರಾಫ್ಟಿಗಾಗಿ ಟೆಂಡನ್ ತೆಗೆದ ಕಾಲು ಸೋಲೋದು ಆ ಕೋನದಲ್ಲೇ, ಇದನ್ನು ಯಾರೂ ಅಳೆಯೋದೇ ಇಲ್ಲ. ಮೈದಾನದಲ್ಲಿ ಮೊದಲು ನೇರ ಓಟ, ಆಮೇಲೆ ಗೊತ್ತಿದ್ದ ದಿಕ್ಕಿಗೆ ತಿರುವು, ಆಮೇಲೆ ಎದುರಾಳಿ ನೋಡಿ ತಿರುವು, ಕೊನೆಗೆ ಮೈಗೆ ಮೈ ತಾಗೋ ಆಟ. ಪೂರ್ತಿ ಪ್ರಾಕ್ಟೀಸ್ ಕೆಲವು ವಾರ ಏನೂ ತೊಂದರೆಯಿಲ್ಲದೆ ಆದ ಮೇಲೆ ಪಂದ್ಯ.

ಮರುದಿನ ಬೆಳಿಗ್ಗೆ ಮಂಡಿಚಿಪ್ಪಿನ ನಡುಮಟ್ಟಕ್ಕೆ ಟೇಪ್ ಸುತ್ತಿ ಅಳೆಯಿರಿ. ಒಂದು ಸೆಂಟಿಮೀಟರ್ ಊದಿದ್ದರೂ ಹಿಂದಿನ ಹಂತಕ್ಕೆ ಇಳಿಸಿ. ನೋವಿಲ್ಲ ಅಂತ ಹುಡುಗ ಹೇಳಿದ್ದನ್ನು ನಂಬೋ ಮುಂಚೆ, ನೋವಿನ ಮಾತ್ರೆ ತಗೊಳ್ತಿದ್ದಾನಾ ಕೇಳಿ. ಕೆಲವು ಮಾತ್ರೆ ಊತವನ್ನೂ ಮುಚ್ಚಿಡುತ್ತವೆ.

ಕೋಚ್ (ಪ್ರಶ್ನೆ ಕೇಳಿದವರು):
82% ಅಳೆದಿದ್ದು ಲೆಗ್ ಪ್ರೆಸ್‌ನಲ್ಲೇ. ಬೆಲ್ಟ್ ಕಟ್ಟಿ ಮತ್ತೆ ಅಳೆಸ್ತೀನಿ. ಈ ಶನಿವಾರದ ಪಟ್ಟಿಯಲ್ಲಿ ಅವನ ಹೆಸರಿಲ್ಲ.

ಇನ್ನೊಬ್ಬ ಕೋಚ್:
ಅಳೆಸಿ. 90 ಬಂದರೆ ಮಾತ್ರ ಕೊನೇ ಪಂದ್ಯದ ಮೊದಲಾರ್ಧಕ್ಕೆ ಇಳಿಸಿ ಅಂತ ನಾನು ಈಗಲೂ ಹೇಳ್ತೀನಿ.

ಆಟಗಾರನ ತಂದೆ:
ಏಳು ತಿಂಗಳಿಗೆ? ಯಾರ ಮಗ ಅಂತ ಹೀಗೆ ಹೇಳ್ತೀರಿ ಸಾರ್?