ಬಿದ್ದ ಹಲಸಿನ ಮರದಿಂದ ಬಸ್ ಸ್ಟಾಪಿಗೆ ಬೆಂಚು ಮಾಡಿಸ್ಬೇಕು, ಊರವರನ್ನ ಸೇರಿಸ್ಕೊಳ್ಳೋದು ಹೇಗೆ?

ಡ್ರಾಯಿಂಗ್_ಟೀಚರ್:
ಎಲ್ರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ರ ಒಂದು ಹೈಸ್ಕೂಲಲ್ಲಿ ಡ್ರಾಯಿಂಗ್ ಹೇಳ್ಕೊಡ್ತೀನಿ. ಹೋದ ಮಳೆಗಾಲದಲ್ಲಿ ನಮ್ಮ ಶಾಲೆ ಕಾಂಪೌಂಡಿನ ಹಲಸಿನ ಮರ ಬುಡಸಮೇತ ಬಿತ್ತು. ಅದರ ತೊಳೆ ತಿನ್ನದೇ ಇರೋರು ನಮ್ಮೂರಲ್ಲಿ ಯಾರೂ ಇಲ್ಲ, ಅದಕ್ಕೇ ಸೌದೆಗೆ ಹೋಗತ್ತೆ ಅಂದಾಗ ಹೊಟ್ಟೆ ಉರೀತು. ಊರಿನ ಆಚಾರ್ರ ಕೈಲಿ ಮೂರು ಬೆಂಚು ಮಾಡಿಸಿ, ಮೇಲೆ ಹಸೆ ಚಿತ್ತಾರ (ನಮ್ಮ ಕಡೆ ದೀವರ ಸಮುದಾಯದ ಹೆಂಗಸರು ಗೋಡೆ ಮೇಲೆ ಬರೆಯೋ ಚಿತ್ರ) ಬರೆದು ಬಸ್ ಸ್ಟಾಪಲ್ಲಿ ಇಡೋಣ ಅಂತ ಆಸೆ.

ಆದ್ರೆ ಹೆದರಿಕೆ ಇದೆ. ನಾಲ್ಕೈದು ವರ್ಷದ ಹಿಂದೆ ಒಂದು ಸಂಸ್ಥೆಯವರು ಬಂದು (ಹೆಸರು ಬೇಡ) ಇಲ್ಲಿನ ಸಿಮೆಂಟ್ ಬೆಂಚಿಗೆಲ್ಲ ಚೆಂದದ ಪೇಂಟಿಂಗ್ ಮಾಡಿ ಫೋಟೋ ತೆಗೆಸ್ಕೊಂಡು ಹೋದ್ರು, ಆರು ತಿಂಗಳಲ್ಲಿ ಅದರ ಮೇಲೆ ಟ್ಯೂಷನ್ ಪೋಸ್ಟರು, ಎಲೆಯಡಿಕೆ ಕಲೆ, ಯಾರೂ ಒಂದು ಮಾತು ಕೇಳಲಿಲ್ಲ. ಇದೂ ಹಾಗೇ ಆಗ್ಬಾರ್ದು. ಊರವರು ಇದು ನಮ್ಮದು ಅನ್ಕೋಬೇಕು ಅಂದ್ರೆ ಏನ್ ಮಾಡ್ಬೇಕು? ನಮ್ಮ ಮಳೆಗೆ ಹಲಸು ತಡೆಯತ್ತಾ?

ಆಚಾರ್ರ_ಮಗ:
ಟೀಚರ್, ಮೊದಲು ಮರದ ಮಾತು. ಹಲಸು ಒಳ್ಳೇ ಮರ, ಭಯ ಬೇಡ, ಆದ್ರೆ ಚೇಗು, ಅಂದ್ರೆ ಒಳಗಿನ ಗಟ್ಟಿ ಭಾಗ ಮಾತ್ರ ತಗೊಳ್ಳಿ, ಹೊರಗಿನ ಬಿಳಿ ಭಾಗ ಹುಳ ಹಿಡಿಯತ್ತೆ. ಕೊಯ್ದಾಗ ಅರಿಶಿನ ಬಣ್ಣ ಇರತ್ತೆ, ಬಿಸಿಲು ಕಂಡ ಹಾಗೆ ಕಂದು ತಿರುಗತ್ತೆ, ಆ ಬದಲಾವಣೆ ನೋಡೋದೇ ಒಂದು ಖುಷಿ. ಸಾಮಿಲ್ಲಲ್ಲಿ ಹಲಗೆ ಕೊಯ್ಸಿ ನೆರಳಲ್ಲಿ ಮಧ್ಯ ಮಧ್ಯ ರಿಪೀಸು (ಸಣ್ಣ ಮರದ ಪಟ್ಟಿ) ಕೊಟ್ಟು ಗಾಳಿಯಾಡೋ ಹಾಗೆ ಪೇರಿಸಿಡಿ. ಒಂದಿಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಒಣಗಬೇಕು ಅಂತ ನಮ್ಮ ಅಪ್ಪ ಲೆಕ್ಕ ಹೇಳ್ತಿದ್ರು, ಅವಸರ ಮಾಡಿದ್ರೆ ಬೆಂಚು ಸೊಟ್ಟಗಾಗತ್ತೆ.

ಕಾಲು ನೇರ ಮಣ್ಣಿಗೆ ಊರ್ಬೇಡಿ, ಕೆಳಗೆ ಕಲ್ಲು ಕೊಡಿ. ಮರ ಕೆಡೋದು ಹೆಚ್ಚಾಗಿ ಅದರ ತುದಿಯಿಂದಾನೇ, ಅಲ್ಲಿಂದಾನೇ ನೀರು ಹೀರ್ಕೊಳ್ಳೋದು. ಹಲಗೆ ಹಲಗೆ ನಡುವೆ ಬೆರಳು ಹೋಗೋಷ್ಟು ಸಂದು ಬಿಡಿ, ನೀರು ನಿಲ್ಲಬಾರದು. ಮೇಲೆ ಗೇರು ಎಣ್ಣೆ ಹಚ್ಚಿದ್ರೆ ಗೆದ್ದಲು ಹತ್ರ ಬರಲ್ಲ, ಆದ್ರೆ ಆ ಎಣ್ಣೆ ಮಕ್ಕಳ ಕೈಗೆ ಕೊಡಲೇಬೇಡಿ, ಮೈಗೆ ತಾಗಿದ್ರೆ ಬೊಬ್ಬೆ ಬರತ್ತೆ. ಆಚಾರ್ರೇ ಹಚ್ಚಲಿ, ಪೂರ್ತಿ ಒಣಗೋವರೆಗೂ ಯಾರನ್ನೂ ಕೂರಿಸ್ಬೇಡಿ. ಮಕ್ಕಳಿಗೆ ಅಗಸೆ ಎಣ್ಣೆ ಕೊಟ್ಟು ಬಟ್ಟೇಲಿ ಒರೆಸೋ ಕೆಲಸ ಇನ್ನೊಂದು ಬೆಂಚಿಗೆ ಕೊಡಿ.

ಪುಂಡಿನಾರು:
ಅಕ್ಕೋರ, ನಮ್ಮದು ಧಾರವಾಡ ಕಡೆ. ನಮ್ಮ ಅಜ್ಜನ ಮನಿಮುಂದ ಒಂದು ಹೊರಸು, ಅಂದ್ರ ಹಗ್ಗದ ಮಂಚ ಇರ್ತಿತ್ತು, ಅದು ಮನಿದು ಅಂತ ಯಾರೂ ಅನ್ನತಿದ್ದಿಲ್ಲ, ಹಾದಿಮ್ಯಾಲ ಹೋಗಾವ್ರೆಲ್ಲ ಕುಂತ ಹೋಗವ್ರು. ಯಾಕಂದ್ರ ಹಗ್ಗ ಸಡ್ಲಾದಾಗ ಓಣಿ ಮಂದಿನ ಕೂಡಿ ಬಿಗೀತಿದ್ರು. ಒಬ್ಬ ಆ ಕಡೆ ಕಾಲು ಒತ್ತಿ ಹಿಡಿಯಾಂವ, ಒಬ್ಬ ಈ ಕಡಿಂದ ಎಳಿಯಾಂವ, ಹುಡುಗ್ರು ಉಳದ ಪುಂಡಿ ನಾರು ತಗೊಂಡು ತೊಡಿಮ್ಯಾಲ ಹೊಸಿಯವ್ರು. ಹಗ್ಗ ಹೊಸಿಯೋದನ್ನ ಕಾಯಕ ಮಾಡ್ಕೊಂಡಿದ್ದ ನುಲಿಯ ಚಂದಯ್ಯ ಶರಣರ ನಾಡಿದು, ಈ ಕೆಲಸ ಸಣ್ಣದಲ್ಲ.

ಅದಕ್ಕ ನನ್ನ ಮಾತು ಇಷ್ಟ: ಬೆಂಚ್ ಪೂರ್ತಿ ಮಾಡಿ ಇಟ್ಟ ಮ್ಯಾಲ ಮಂದಿನ್ನ ಕರೀಬ್ಯಾಡ್ರಿ. ಅರ್ಧ ಆದಾಗ ಕರೀರಿ. ಬಸ್ ಕಾಯೋ ಮಂದಿ ಕಣ್ಣಮುಂದನ ಆಚಾರ್ರು ಕೀಸುಳಿ ಹೊಡಿಲಿ, ಸುರುಳಿ ಸುರುಳಿ ಹೊಟ್ಟು ಬೀಳೋದು ನೋಡಿದ್ರ ಯಾರ ಕೈ ಸುಮ್ನಿರತೈತಿ? ಒಂದು ಬೆಂಚಿಗೆ ಹಲಗಿ ಬ್ಯಾಡ, ನಡುವ ಪುಂಡಿ ಹಗ್ಗದ ಹೆಣಿಗಿ ಹಾಕ್ರಿ. ಮಳಿಗೆ ಅದು ಕೆಡತೈತಿ ಖರೆ, ಆದ್ರ ವರ್ಷಕ್ಕೊಮ್ಮೆ ಊರು ಕೂಡಿ ಹೊಸದಾಗಿ ಹೆಣಿಲಿಕ್ಕೆ ಅದ ಒಂದು ನೆವ ಆತು.

ಮೈಸೂರು_ಪಾಕ:
ಟೀಚರ್, ಎರಡು ವಿಷಯ. ಮೊದಲನೇದು ಕಾಗದ ಪತ್ರ. ಸರ್ಕಾರಿ ಶಾಲೆ ಜಾಗದ ಮರ ಬಿದ್ದಿದ್ರೂ ನೀವೇ ಎತ್ಕೊಳ್ಳೋ ಹಾಗಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೇಲಿ ನಿರ್ಣಯ ಬರೆಸಿ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು, ಅರಣ್ಯ ಇಲಾಖೆ ಎರಡಕ್ಕೂ ಅರ್ಜಿ ಕೊಡಿ, ಬಸ್ ಸ್ಟಾಪ್ ಜಾಗಕ್ಕೆ ಪಂಚಾಯ್ತಿಯಿಂದ ಲಿಖಿತ ಒಪ್ಪಿಗೆ ತಗೊಳ್ಳಿ. ಬಾಯಿ ಮಾತು ಸಾಕಾಗಲ್ಲ.

ಎರಡನೇದು, ಜಿಂಬಾಬ್ವೆ ದೇಶದ ಹರಾರೆಲಿ 2006ರಲ್ಲಿ ಡಿಕ್ಸನ್ ಚಿಬಾಂಡ ಅನ್ನೋ ಮನೋವೈದ್ಯರು ಫ್ರೆಂಡ್‌ಶಿಪ್ ಬೆಂಚ್ ಅಂತ ಶುರು ಮಾಡಿದ್ರು. ಕ್ಲಿನಿಕ್ಕಿನ ಆವರಣದಲ್ಲಿ ಮರದ ಬೆಂಚು, ಅದರ ಮೇಲೆ ತರಬೇತಿ ಪಡೆದ ಒಬ್ಬರು ಅಜ್ಜಿ, ಮನಸ್ಸು ಭಾರ ಆದೋರು ಪಕ್ಕ ಕೂತು ಮಾತಾಡೋದು, ಅಷ್ಟೇ. 2016ರಲ್ಲಿ ಅದರ ಅಧ್ಯಯನ ಪ್ರಕಟ ಆಯ್ತು, ಅಜ್ಜಿಯರ ಹತ್ರ ಮಾತಾಡಿದೋರಲ್ಲಿ ಖಿನ್ನತೆ ಲಕ್ಷಣ ಕಮ್ಮಿ ಆಗಿತ್ತು. ಅಲ್ಲಿ ಬೆಂಚಿಗೆ ಚಿತ್ತಾರ ಮುಖ್ಯ ಅಲ್ಲ, ಪಕ್ಕದಲ್ಲಿ ಯಾರು ಕೂತಿದಾರೆ ಅನ್ನೋದು ಮುಖ್ಯ. ನಿಮ್ಮೂರಲ್ಲಿ ಹಸೆ ಬರೆಯೋ ದೀವರ ಅಜ್ಜಿಯರು ಇದ್ದೇ ಇರ್ತಾರಲ್ಲ, ನೀವು ಮಕ್ಕಳಿಗೆ ಕಾಪಿ ಮಾಡ್ಸೋದಕ್ಕಿಂತ ಅವರನ್ನೇ ಕೇಳಿ, ಮರ್ಯಾದೆಯಿಂದ, ಸಂಭಾವನೆ ಕೊಟ್ಟು.

ಡ್ರಾಯಿಂಗ್_ಟೀಚರ್:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೈಸೂರಿನವರ ಮಾತು ಓದಿ ಸ್ವಲ್ಪ ನಾಚಿಕೆ ಆಯ್ತು, ನಾನು ನಿಜವಾಗ್ಲೂ ಪುಸ್ತಕ ನೋಡಿ ಮಕ್ಕಳ ಕೈಲೇ ಬರೆಸೋ ಯೋಚನೇಲಿದ್ದೆ. ನಿನ್ನೆ ಸಂಜೆ ಒಬ್ಬರು ಅಜ್ಜಿ ಮನೆಗೆ ಹೋಗಿದ್ದೆ. ಹಸೆಗೆ ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಬಿಟ್ಟು ಬೇರೆ ಹಾಕಲ್ಲ ಅಂದ್ರು. ಅದು ಮಳೇಲಿ ನಿಲ್ಲಲ್ವಲ್ಲ ಅಜ್ಜಿ ಅಂದೆ. ನಾನು ಗೆರೆ ಎಳೀತೀನಿ, ಅದರ ಮೇಲೆ ಆಚಾರ್ರು ಉಳಿ ಓಡಿಸ್ಲಿ ಅಂದ್ಬಿಟ್ರು! ಕುಂಚ ತೋರಿಸಿದ್ರು, ಅದೂ ಪುಂಡಿ ನಾರಿಂದೇ. ಧಾರವಾಡದ ಅಣ್ಣ, ನಿಮ್ಮ ಹಗ್ಗ, ಇವರ ಕುಂಚ ಎರಡೂ ಒಂದೇ ನಾರು ಅಂತ ಗೊತ್ತಾಗಿ ರಾತ್ರಿ ನಿದ್ದೇನೇ ಬರಲಿಲ್ಲ.

ಹಾಗಾಗಿ ಎರಡು ಹಲಗೆ ಬೆಂಚು, ಒಂದು ಹಗ್ಗದ್ದು. ಅರ್ಜಿ ಸೋಮವಾರ ಕೊಡ್ತೀನಿ. ಆಚಾರ್ರ ಮಗ ಅವರೇ, ಆರಡಿ ಉದ್ದ ಒಂದೂವರೆ ಅಡಿ ಅಗಲದ ಬೆಂಚಿಗೆ ಹಲಗೆ ಎಷ್ಟು ದಪ್ಪ ಕೊಯ್ಸಿದ್ರೆ ಉಳಿ ಓಡಿಸೋದಕ್ಕೆ ಸರಿ ಹೋಗತ್ತೆ?

ಆಚಾರ್ರ_ಮಗ:
ಎರಡಿಂಚು ಕೊಯ್ಸಿ, ಕೀಸಿ ಒಂದೂಮುಕ್ಕಾಲು ಉಳಿಯತ್ತೆ. ಗೆರೆ ಆಳ ಜಾಸ್ತಿ ಬೇಡ, ನೀರು ಕೂರತ್ತೆ. ಎಳೆಯೋ ಮೊದಲು ಅಜ್ಜಿಗೆ ಹಲಗೆಯ ನಾರು ಯಾವ ಕಡೆ ಓಡತ್ತೆ ಅಂತ ತೋರಿಸಿ, ಅಡ್ಡ ಗೆರೆ ಕೆತ್ತೋವಾಗ ಚಕ್ಕೆ ಏಳತ್ತೆ. ಒಂದು ಚೂರು ಹಲಗೇಲಿ ಟ್ರೈ ಮಾಡಿ ಫೋಟೋ ಹಾಕಿ, ನೋಡಿ ಹೇಳ್ತೀನಿ.