ಎಲ್ಲೋ ಲ್ಯಾಬ್ ಮೀನು ಐದು ದಿನದಿಂದ ತಿಂಡಿ ಮುಟ್ಟುತ್ತಿಲ್ಲ – ಕೋಲಾರ, ಬೋರ್ ನೀರು

ಕೋಟೆ_ಟ್ಯಾಂಕ್:
ಮೂರಡಿ ಟ್ಯಾಂಕ್, ಕಲ್ಲು ಮರಳು ಕಳೆದು 160 ಲೀಟರ್ ನೀರು. ತುಂಬಿಸಿ ಹನ್ನೆರಡು ದಿನ ಆಯ್ತು. ಎರಡೂವರೆ ಇಂಚಿನ ಎಂಟು ಎಲ್ಲೋ ಲ್ಯಾಬ್ (ಆಫ್ರಿಕಾದ ಮಲಾವಿ ಸರೋವರದ ಹಳದಿ ಮೀನು) ಬೆಂಗಳೂರಿಂದ ತಂದು, ಕವರ್ ಅರ್ಧ ಗಂಟೆ ತೇಲಿಸಿ ಬಿಟ್ಟಿದ್ದು. ಪೆಲೆಟ್ (ಮೀನಿನ ಕಾಳು ತಿಂಡಿ) ಹಾಕಿದರೆ ಒಂದೆರಡು ಬಾಯಿಗೆ ತಗೊಂಡು ಉಗುಳುತ್ತವೆ, ಉಳಿದವು ಹೀಟರ್ ಹಿಂದೆ ಮೂಲೆ ಹಿಡಿದಿವೆ. ಪಿಎಚ್ 8.2, ಅಮೋನಿಯಾ 0.5, 26 ಡಿಗ್ರಿ. ಒಣ ಟ್ಯೂಬಿಫೆಕ್ಸ್ ಹುಳು ಹಾಕಿ ನೋಡಲಾ? ಅಂಗಡಿಯಲ್ಲಿ ಹಳದಿ ಔಷಧಿ ಹಾಕಿ ಅಂತಾರೆ.

ಕೆರೆಕೋಡಿ:
ಎರಡೂ ಬೇಡ. ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪಿನಂಶ, ಲೀಟರಿಗೆ ಮಿ.ಗ್ರಾಂ) ಎಷ್ಟು? ಕವರ್‌ನ ನೀರು ಉಳಿದಿದ್ದರೆ ಅದರದ್ದೂ ನೋಡಿ ಹೇಳಿ.

ಕೋಟೆ_ಟ್ಯಾಂಕ್:
ಟ್ಯಾಂಕ್ 1100. ಕವರ್ ನೀರು ಬಕೆಟ್‌ನಲ್ಲಿತ್ತು ಸರ್, 260. ಮಲಾವಿ ಮೀನಿಗೆ ಗಡಸು ನೀರೇ ಆಗಬೇಕಲ್ವಾ?

ಕೆರೆಕೋಡಿ:
ಪಿಎಚ್ ಜಾಸ್ತಿ ಬೇಕು, ಉಪ್ಪಿನಂಶ ಅಲ್ಲ. ಮಲಾವಿ ಸರೋವರದಲ್ಲೇ ಟಿಡಿಎಸ್ 200ರ ಒಳಗಿದೆ. ನಮ್ಮ ಬೋರ್ ನೀರು ಅದರ ಐದಾರು ಪಟ್ಟು. ಅರ್ಧ ಗಂಟೆ ತೇಲಿಸಿದರೆ ನೀರಿನ ಬಿಸಿ ಮಾತ್ರ ಸಮ ಆಗುತ್ತೆ, 260ರಿಂದ 1100ಕ್ಕೆ ಹಾರಿದ್ದು ಹಾಗೇ ಉಳಿಯುತ್ತೆ. ಅದರ ಮೇಲೆ ಅಮೋನಿಯಾ. ಪಿಎಚ್ 7ರಲ್ಲಿ ಅದರ ವಿಷದ ಭಾಗ ನೂರಕ್ಕೆ ಒಂದೂ ಇಲ್ಲ, ನಿಮ್ಮ 8.2ರಲ್ಲಿ ನೂರಕ್ಕೆ ಎಂಟೊಂಬತ್ತರ ಹತ್ತಿರ. ಹಸಿವಾದರೂ ಉಗುಳೋದು ಅದಕ್ಕೇ.

ಎರಡು ದಿನ ತಿಂಡಿ ಪೂರ್ತಿ ನಿಲ್ಲಿಸಿ. ಈ ಅಳತೆಯ ಮೀನು ವಾರ ಉಪವಾಸ ಇದ್ದರೂ ಸಾಯಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ದಿನಾ ಒಂದು 20 ಲೀಟರ್ ಕ್ಯಾನ್ ತನ್ನಿ, ಅದಕ್ಕೆ 20 ಲೀಟರ್ ಬೋರ್ ನೀರು ಬೆರೆಸಿ, ಟ್ಯಾಂಕಿನ 40 ಲೀಟರ್ ಬದಲಾಯಿಸಿ. ಬೋರ್ ನೀರನ್ನ ಹಿಂದಿನ ದಿನವೇ ಹಿಡಿದು ಏರ್ ಸ್ಟೋನ್ (ಗಾಳಿ ಗುಳ್ಳೆ ಬಿಡೋ ಕಲ್ಲು) ಹಾಕಿಡಿ, ಆಗ ತಾನೇ ಬಂದ ನೀರಲ್ಲಿ ಆಮ್ಲಜನಕ ಕಮ್ಮಿ. ಘಟಕದ ನೀರಿನ ಟಿಡಿಎಸ್ 60 ಇದ್ದರೆ ಟ್ಯಾಂಕಿನದು ಮೊದಲ ದಿನ 970, ವಾರದಲ್ಲಿ 650. ಒಂದೇ ಸಲಕ್ಕೆ ಇಳಿಸಬೇಡಿ, ಅದೂ ಹೊಡೆತವೇ. ಆವಿಯಾದಷ್ಟು ತುಂಬಿಸೋಕೆ ಘಟಕದ ನೀರು ಮಾತ್ರ, ಉಪ್ಪು ಆವಿಯಾಗಲ್ಲ. ಪರಿಚಯದವರ ಹಳೇ ಫಿಲ್ಟರ್ ಸ್ಪಾಂಜ್ ಸಿಕ್ಕರೆ ನಿಮ್ಮ ಟ್ಯಾಂಕ್ ನೀರಲ್ಲೇ ಹಿಂಡಿ ಹಾಕಿ. ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ತಾನಾಗಿ ಕೂರೋಕೆ ನಾಲ್ಕರಿಂದ ಆರು ವಾರ ಬೇಕು. ಹಳದಿ ಔಷಧಿ ಈಗ ಹಾಕಿದರೆ ಇರೋ ಚೂರೂ ಹೋಗಬಹುದು.

ಮಾಲೂರು_ಮೀನು:
ಹಿಕ್ಕೆ ನೋಡಿದ್ರಾ? ಬಿಳಿ ದಾರದ ಥರ ಜೋತಾಡ್ತಿದ್ದು ಹೊಟ್ಟೆ ಊದಿದ್ದರೆ ಮಾತ್ರ ಮೆಟ್ರೊನಿಡಜೋಲ್ (ಕರುಳಿನ ಪರಾವಲಂಬಿಗೆ ಹಾಕೋ ಔಷಧಿ): 40 ಲೀಟರಿಗೆ 250 ಮಿ.ಗ್ರಾಂ, ದಿನ ಬಿಟ್ಟು ದಿನ ಮೂರು ಸಲ, ಪ್ರತಿ ಸಲ ಮೊದಲು ಕಾಲು ಭಾಗ ನೀರು ಬದಲಾಯಿಸಿ. ಬರೀ ಬಿಳಿ ಇದ್ದರೆ ಖಾಲಿ ಹೊಟ್ಟೆ, ಅಷ್ಟೇ. ಯಾವುದಾದರೂ ಒಂದು ಮೀನು ಕಲ್ಲು ಕಾಯ್ತಾ ಉಳಿದವನ್ನ ಅಟ್ಟಿಸ್ತಿದ್ದರೆ, ಲೈಟ್ ಆರಿಸಿ ಕಲ್ಲುಗಳನ್ನ ಪೂರ್ತಿ ಬೇರೆ ಥರ ಜೋಡಿಸಿ. ಎಲ್ಲೆ ಅಳಿಸಿ ಹೋಗುತ್ತೆ.

ತಿಂಡಿ ಶುರು ಮಾಡೋವಾಗ 1 ಮಿ.ಮೀ. ಮುಳುಗೋ ಪೆಲೆಟ್ ಹತ್ತೇ ಹತ್ತು. ಒಂದು ಎಸಳು ಬೆಳ್ಳುಳ್ಳಿ ಜಜ್ಜಿ, ಚಮಚ ನೀರಲ್ಲಿ ಹಿಂಡಿ, ಆ ರಸದಲ್ಲಿ ಹತ್ತು ನಿಮಿಷ ನೆನೆಸಿ. ಎರಡು ನಿಮಿಷಕ್ಕೆ ಉಳಿದದ್ದನ್ನ ಪೈಪಲ್ಲಿ ಎಳೆದು ತೆಗೀರಿ. ಅದು ಕೊಳೆತರೆ ಮತ್ತೆ ಅಮೋನಿಯಾ. ಟ್ಯೂಬಿಫೆಕ್ಸ್ ಕಟ್ಟಿಡಿ.

ಕೋಟೆ_ಟ್ಯಾಂಕ್:
ಆರನೇ ದಿನದ ಲೆಕ್ಕ: ಟಿಡಿಎಸ್ 680, ಅಮೋನಿಯಾ 0. ಏಳು ಮೀನು ಗಬಗಬ ತಿಂತಿವೆ. ಒಂದು ಮಾತ್ರ ಪೆಲೆಟ್ ಹತ್ರ ಬಂದು ವಾಪಸ್ ಹೋಗುತ್ತೆ, ಬಾಯಿ ಬಿಡ್ತಾನೇ ಇಲ್ಲ. ಹಿಕ್ಕೆ ಬಿಳಿ ಇಲ್ಲ. ಇದಕ್ಕೊಂದಕ್ಕೆ ಔಷಧಿ?

ಮಾಲೂರು_ಮೀನು:
ಪಕ್ಕದಿಂದ ಗಂಟಲು ನೋಡಿ. ಕೆಳಗೆ ಚೀಲದ ಥರ ಇಳಿದು, ಆಗಾಗ ಏನೋ ಅಗಿದ ಹಾಗೆ ಆಡಿಸ್ತಿದ್ಯಾ?

ಕೋಟೆ_ಟ್ಯಾಂಕ್:
ಹೌದು, ಹಾಗೇ ಇದೆ!

ಮಾಲೂರು_ಮೀನು:
ಬಾಯಲ್ಲಿ ಮೊಟ್ಟೆ ಇಟ್ಕೊಂಡಿದೆ. ಮೂರು ನಾಲ್ಕು ವಾರ ತಿನ್ನಲ್ಲ. ಬಲೆ ಹಾಕಿ ಹಿಡಿಯೋಕೆ ಹೋಗಬೇಡಿ, ಹೆದರಿದರೆ ಎಲ್ಲಾ ಉಗಿದುಬಿಡುತ್ತೆ.