ಲ್ಯಾಟಿನಾ ಹುಡುಗಿಯರಿಗೆ ಯಾವುದು ಆಸರೆ?

ಪ್ರಶ್ನೆ: ಅಮೆರಿಕದಲ್ಲಿ ಬೆಳೆಯುವ ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಹದಿಹರೆಯದ ಹುಡುಗಿಯರನ್ನು ಮಾದಕ ವಸ್ತು, ಅಸುರಕ್ಷಿತ ಲೈಂಗಿಕತೆಯಿಂದ ದೂರ ಇಡಲು ಶಾಲೆಯ ಉಪನ್ಯಾಸ ಸಾಕೇ?

ಉತ್ತರ 1: ಸಾಲದು ಮೇಡಂ. ಮೊದಲು ತಂದೆತಾಯಿ ತಯಾರಾಗಬೇಕು. ಮಯಾಮಿಯಲ್ಲಿ ರೂಪುಗೊಂಡ ‘ಫಮೀಲಿಯಾಸ್ ಉನಿದಾಸ್’ ಎಂಬ ಕುಟುಂಬ ಕಾರ್ಯಕ್ರಮ ಮಾಡುವುದು ಅದನ್ನೇ: ಪೋಷಕರ ಗುಂಪು ಸಭೆ 8, ತಲಾ 2 ಗಂಟೆ, ಜೊತೆಗೆ ಮಗಳನ್ನೂ ಕೂರಿಸಿಕೊಂಡು ಮಾತಾಡುವ ಭೇಟಿ 4. ಸಭೆಯಲ್ಲಿ ಕಲಿತದ್ದು ಬಳಕೆಗೆ ಬರುವುದು ಈ ಭೇಟಿಗಳಲ್ಲೇ, ದಯವಿಟ್ಟು ಬಿಡಬೇಡಿ.

ಉತ್ತರ 2: ಎಡವುವುದು ಭಾಷೆಯಲ್ಲಿ. ಮಗಳು ಬೇಗ ಇಂಗ್ಲಿಷ್‌ಗೆ ಹೊರಳುತ್ತಾಳೆ, ಅಮ್ಮ ಸ್ಪ್ಯಾನಿಷ್‌ನಲ್ಲೇ ಉಳಿಯುತ್ತಾರೆ. ಮಾತು ಕಡಿಮೆಯಾದಂತೆ ಮನೆಯ ಕಟ್ಟುಪಾಡು ಬಿಗಿಯಾಗುತ್ತದೆ, ಅವಳು ಮುಚ್ಚಿಡಲು ಕಲಿಯುತ್ತಾಳೆ. ಎಲ್ಲಿಗೆ, ಯಾರ ಜೊತೆ, ವಾಪಸು ಎಷ್ಟು ಗಂಟೆಗೆ ಎಂಬುದನ್ನು ಅವಳೇ ಹೇಳುವಷ್ಟು ಸಲುಗೆ ಬೇಕು.

ಉತ್ತರ 3: ಹದಿಹರೆಯದವರಿಗೆ ಸುರಕ್ಷಿತ ಲೈಂಗಿಕತೆ ಕಲಿಸುವ ‘ಕ್ವೀದಾತೆ’ ಕಾರ್ಯಕ್ರಮವನ್ನೂ ನೋಡಿ, ತಲಾ ಒಂದು ಗಂಟೆಯ 6 ಪಾಠ. ‘ಬೇಡ’ ಎನ್ನುವುದನ್ನು ಹುಡುಗಿಯರು ಅಭಿನಯಿಸಿಯೇ ಕಲಿಯಬೇಕು. ಓದಿ ಹೇಳಿದರೆ ನಾಟುವುದಿಲ್ಲ.